ಸಂಡಿಗೆ ಸಂಘದ ಅನುದಾನ

ಗುಂಡಣ್ಣನ ಸಂಕಟಕ್ಕೆಲ್ಲ ಮೂಲ ಸಂಡಿಗೆ ಒಣಗದೆ ಹೋದದ್ದು. ಸಂಜಯನಗರದ ಆ ರಸ್ತೆಯ ಹೆಂಗಸರು ಸೇರಿ ಕಟ್ಟಿದ ಸಂಡಿಗೆ ಸಹಕಾರ ಸಂಘಕ್ಕೆ ಆತ ಕಾರ್ಯದರ್ಶಿ. ನಿವೃತ್ತ ಗುಮಾಸ್ತ, ಅರ್ಜಿ ಬರೆಯಲು ಬರುತ್ತದೆ ಎಂಬ ಒಂದೇ ತಪ್ಪಿಗೆ ಸಿಕ್ಕ ಶಿಕ್ಷೆ ಅದು. ಸಂಘದ ಮಹಡಿಗೆ ಅಂಟಿದಂತೆ ಶೇಖರಪ್ಪನವರು ಐದಂತಸ್ತಿನ ಕಟ್ಟಡ ಎಬ್ಬಿಸಿದ ಮೇಲೆ ಬಿಸಿಲು ಇತ್ತ ತಲೆ ಹಾಕುವುದನ್ನೇ ಬಿಟ್ಟಿತ್ತು. ಅರಳು ಸಂಡಿಗೆಗೆ ಬೂಷ್ಟು ಹಿಡಿದು, ಅಂಗಡಿಯವರು ವಾಪಸು ಕಳಿಸತೊಡಗಿದ್ದರು. ಒಣಗಿಸುವ ಯಂತ್ರ ಬಾರದಿದ್ದರೆ ಸಂಘಕ್ಕೆ ಬೀಗವೇ ಗತಿ.

ಸಹಕಾರ ಸಂಘಗಳಿಗೆ ಅನುದಾನ ಕೊಡುವ ಟ್ರಸ್ಟೊಂದಕ್ಕೆ ಗುಂಡಣ್ಣ ಅರ್ಜಿ ಹಾಕಿದ್ದ. ಇವತ್ತು ಮಧ್ಯಾಹ್ನ ಅಲ್ಲಿಂದ ಮಹತಿ ಎಂಬ ಅಧಿಕಾರಿ ಖುದ್ದು ನೋಡಲು ಬರುವವರಿದ್ದರು. ಬೆಳಿಗ್ಗೆಯೇ ಆತ ಬೂಷ್ಟು ಚೆನ್ನಾಗಿ ಹಿಡಿದ ಸಂಡಿಗೆಯನ್ನು ಆರಿಸಿ ಆರಿಸಿ, ಬೊಂಬೆ ಕೂರಿಸುವವರ ಶ್ರದ್ಧೆಯಲ್ಲಿ ಮಹಡಿಯ ಮೇಲೆ ಜೋಡಿಸಿಟ್ಟ.

ಸಂಘದ ಅಧ್ಯಕ್ಷೆ ಕೃಷ್ಣವೇಣಮ್ಮ ಹತ್ತಿ ಬಂದವರೇ ಹೌಹಾರಿದರು. “ಅಯ್ಯಯ್ಯೋ, ಇದನ್ನ ತೋರಿಸ್ತೀರೇನ್ರೀ ಬಂದೋರಿಗೆ?”

“ಇದನ್ನೇ ತೋರಿಸ್ಬೇಕು ಕಣ್ರಮ್ಮಾ. ಮೆಷೀನ್ ಯಾಕ್ ಬೇಕು ಅಂತ ಅವ್ರಿಗೆ ಗೊತ್ತಾಗ್ಬೇಡ್ವಾ?”

“ಅದಕ್ಕೆ ಮಾನ ಕಳ್ಕೋಬೇಕಾ? ಮನೆಗೆ ನೆಂಟ್ರು ಬಂದ್ರೆ ಹರಿದಿರೋ ಚಾಪೆ ಹಾಸ್ತೀರಾ ನೀವು?”

ಗುಂಡಣ್ಣ ತಡೆಯಲು ಏಳುವಷ್ಟರಲ್ಲಿ ಬೂಷ್ಟು ಸಂಡಿಗೆ ಕಸದ ಗಾಡಿ ಸೇರಿತ್ತು. ನಿನ್ನೆ ಇಟ್ಟ ಹಸಿ ಸಂಡಿಗೆಯನ್ನು ಒಣಗಿಸಲು ರಸ್ತೆಯೇ ಟೊಂಕ ಕಟ್ಟಿ ನಿಂತಿತು. ಒಬ್ಬರು ಟೇಬಲ್ ಫ್ಯಾನ್ ತಂದರು. ಇನ್ನೊಬ್ಬರು ಮಗಳ ಹೇರ್ ಡ್ರೈಯರ್ ತಂದರು. ಎರಡನ್ನೂ ಒಟ್ಟಿಗೆ ಹಾಕಿದ್ದೇ ಫ್ಯೂಸು ಹಾರಿಹೋಯಿತು.

ಗದ್ದಲ ಕೇಳಿ ಶೇಖರಪ್ಪನವರು ಮೇಲಿನಿಂದ ಬಗ್ಗಿ ನೋಡಿದರು. “ನಮ್ಮ ಟೆರೇಸ್ ಇರೋವಾಗ ನಿಮಗ್ಯಾಕ್ರೀ ಚಿಂತೆ? ಬಿಸಿಲು ಬೇಕಾದಷ್ಟಿದೆ, ತನ್ನಿ!”

ಇರದೆ ಏನು, ನಮ್ಮದೂ ಸೇರಿ ಅಲ್ಲೇ ಇದೆಯಲ್ಲ ಎಂದುಕೊಂಡ ಗುಂಡಣ್ಣ. ಬೇಡ ಬೇಡ ಎನ್ನುತ್ತಲೇ, ಮೊರ ಹೊತ್ತು ಆ ಕಟ್ಟಡ ಹತ್ತಿದ ಹೆಂಗಸರ ಹಿಂದೆ ಹೋದ. ಸಾಲದ್ದಕ್ಕೆ ಅವನ ತಲೆಯ ಮೇಲೂ ಒಂದು ಮೊರ ಕೂತಿತ್ತು.

ಮಹತಿ ಬರುವ ಹೊತ್ತಿಗೆ ಸಂಡಿಗೆ ಗಲಗಲ ಎನ್ನುತ್ತಿತ್ತು. ಅವರನ್ನು ಕೃಷ್ಣವೇಣಮ್ಮ ನೇರ ಐದನೇ ಮಹಡಿಯ ಮೇಲಕ್ಕೇ ಕರೆದೊಯ್ದು, ಕರಿದ ಸಂಡಿಗೆಯ ತಟ್ಟೆ ಕೈಗಿತ್ತರು. ಮಹತಿ ಒಂದು ಕಚ್ಚಿ ನೋಡಿ ಕೇಳಿದರು: “ಇಷ್ಟು ಚೆನ್ನಾಗಿ ಒಣಗುತ್ತಲ್ಲಾ ಸಾರ್, ಮತ್ತೆ ಮೆಷೀನ್ ಯಾಕೆ?”

ಗುಂಡಣ್ಣನಿಗೆ ಇನ್ನು ತಡೆಯಲಾಗಲಿಲ್ಲ. “ಇದು ನಮ್ಮ ಜಾಗ ಅಲ್ಲ ಮೇಡಂ! ಇವತ್ತೊಂದಿನ ಮಾತ್ರ ಇಲ್ಲಿ ಹಾಕಿರೋದು. ಈ ಬಿಲ್ಡಿಂಗ್ ಎದ್ದಾಗಿಂದ ನಮಗೆ ಬಿಸಿಲೇ ಇಲ್ಲ. ಬಗ್ಗಿ ನೋಡಿ, ಅಗೋ ನಮ್ಮ ಮಹಡಿ, ಹಾಡುಹಗಲಲ್ಲೇ ಕತ್ತಲೆ!”

ಕೃಷ್ಣವೇಣಮ್ಮನ ಮುಖ ಸಣ್ಣಗಾಯಿತು. ಮಹತಿ ಗೋಡೆಯಿಂದ ಬಗ್ಗಿ ಕೆಳಗಿನ ನೆರಳನ್ನು ನೋಡಿದರು, ತಲೆಯೆತ್ತಿ ಸೂರ್ಯನನ್ನೂ ನೋಡಿದರು. “ನಿಮ್ಮ ಕಷ್ಟ ಅರ್ಥ ಆಯ್ತು ಸಾರ್. ಅನುದಾನ ನಾನು ಕೊಡಿಸ್ತೀನಿ.”

ಗುಂಡಣ್ಣನಿಗೆ ಕಣ್ಣು ತುಂಬಿ ಬಂತು. ನಿಜ ಹೇಳಿದ್ದಕ್ಕೆ ಜೀವಮಾನದಲ್ಲಿ ಮೊದಲ ಬಾರಿಗೆ ಅವನಿಗೆ ಲಾಭವಾಗಿತ್ತು.

ಮಹತಿ ಶೇಖರಪ್ಪನವರ ಕಡೆ ತಿರುಗಿದರು. “ಸಾರ್, ಈ ಟೆರೇಸ್ ಸಂಘಕ್ಕೆ ಬಾಡಿಗೆಗೆ ಕೊಡ್ತೀರಾ? ಬಾಡಿಗೆನ ಅನುದಾನದಿಂದ ನೇರ ನಿಮ್ಮ ಅಕೌಂಟಿಗೇ ಹಾಕ್ತೀವಿ. ಮೆಷೀನ್‌ಗಿಂತ ಇದೇ ವಾಸಿ, ಕರೆಂಟ್ ಖರ್ಚೂ ಇಲ್ಲ.”

“ಸಮಾಜಸೇವೆ ಅಂದ್ರೆ ನಾನ್ಯಾವತ್ತೂ ಇಲ್ಲ ಅನ್ನಲ್ಲಮ್ಮಾ,” ಎಂದರು ಶೇಖರಪ್ಪ.

“ಮಳೆಗಾಲದಲ್ಲಿ?” ಎಂದು ಗುಂಡಣ್ಣ ಕೂಗಿದ್ದು ಕೃಷ್ಣವೇಣಮ್ಮ ಶುರು ಮಾಡಿದ ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಎಲ್ಲರೂ ಹೋದ ಮೇಲೆ ಗುಂಡಣ್ಣ ಮೊರಗಳನ್ನು ಪೇರಿಸಿಕೊಂಡು ಲಿಫ್ಟಿನ ಮುಂದೆ ನಿಂತ. ಒಳಗಿದ್ದ ಶೇಖರಪ್ಪನವರು ಕೈ ಅಡ್ಡ ಹಿಡಿದರು.

“ಮೆಟ್ಲಲ್ಲಿ ಇಳೀರಿ ಗುಂಡಣ್ಣೋರೇ. ಲಿಫ್ಟು ಬಾಡಿಗೆದಾರರಿಗೆ ಮಾತ್ರ.”

“ಇನ್ಮೇಲೆ ನಾವೂ ಬಾಡಿಗೆದಾರರೇ ಅಲ್ವೇನ್ರೀ?”

“ನಿಮ್ಮದು ಬರೀ ಬಿಸಿಲಿಗೆ ಕಣ್ರೀ,” ಎಂದು ಶೇಖರಪ್ಪನವರು ಲಿಫ್ಟಿನ ಬಾಗಿಲು ಎಳೆದುಕೊಂಡರು.