ಗವಿಸಿದ್ದಪ್ಪ ಮೇಷ್ಟ್ರ ಜಟಕಾ ಸಂವಿಧಾನ

ಬಳ್ಳಾರಿಯ ಗಾಂಧಿನಗರದ ಜಟಕಾದವರು ಅರವತ್ತೇಳರ ಚುನಾವಣೆಯಲ್ಲಿ ಎರಡು ಬಣವಾದರು. ಅಂದಿನಿಂದ ಅವರ ಚಾಟಿಗಳು ಕುದುರೆಗಳ ಬೆನ್ನಿಗಿಂತ ಮನುಷ್ಯರ ಬೆನ್ನನ್ನೇ ಹೆಚ್ಚು ಕಂಡವು. ಪೌರನೀತಿ ಕಲಿಸುತ್ತಿದ್ದ ಗವಿಸಿದ್ದಪ್ಪ ಮೇಷ್ಟ್ರು ಮರುಗಿ, ಅವರಿಗೊಂದು ಸಂವಿಧಾನ ರಚಿಸಿಕೊಟ್ಟರು: ಯಾರೂ ಯಾರ ಮೇಲೂ ಚಾಟಿ ಎತ್ತುವಂತಿಲ್ಲ, ವಿವಾದ ಬಂದರೆ ಎರಡೂ ಬಣ ಮಾತಾಡಿ ಮತ ಹಾಕಬೇಕು, ಮತ ಸಮವಾದರೆ ಮತ್ತೆ ಚರ್ಚೆ, ಇತ್ಯರ್ಥವಾಗುವತನಕ ಆ ಬಾಡಿಗೆ ಯಾರಿಗೂ ಇಲ್ಲ. ಈ ಘನಕಾರ್ಯಕ್ಕಾಗಿ ಮೇಷ್ಟ್ರು ಊಟ ಮರೆತು ಸಭೆ ನಡೆಸಿದ್ದರಿಂದ, ಹೆಂಡತಿ ಕೊಟ್ರಬಸಮ್ಮ ಮುನಿದು ಸಿರುಗುಪ್ಪದ ತವರು ಸೇರಿದಳು.

ಎರಡು ತಿಂಗಳು ಸೀದ ಅನ್ನ ಉಂಡ ಮೇಷ್ಟ್ರಿಗೆ ಒಂದು ಬೆಳಿಗ್ಗೆ, ಸಿರುಗುಪ್ಪದಿಂದ ಬಂದ ಮೊದಲ ಬಸ್ಸಿನ ಕಂಡಕ್ಟರನ ಬಾಯಲ್ಲಿ ಭಾವಮೈದುನನ ಹೇಳಿಕೆ ಬಂತು: "ಅಕ್ಕನ ಸಿಟ್ಟು ಇಳದೈತಿ. ಇವತ್ತಾ ಬಂದು ಕರ್ಕೊಂಡು ಹೋಗ್ರಿ. ಮತ್ತ ಏರಿದ್ರ ನಮ್ ಕೈಲಿ ಆಗಂಗಿಲ್ಲ."

ಮೊಳಕಾಲು ನೋವಿನ ಮೇಷ್ಟ್ರು ಹೊಸ ಸೀರೆಯ ಗಂಟು ಹಿಡಿದು ಜಟಕಾ ನಿಲ್ದಾಣಕ್ಕೆ ಕುಂಟುತ್ತ ಬಂದು, ಒಂದು ಬಣದ ಮುಖಂಡ ಜೋಗಪ್ಪನ ಜಟಕಾ ಹತ್ತಲು ಕಾಲೆತ್ತಿದರು. ಎದುರು ಬಣದ ಗಾಳೆಪ್ಪ ಅಡ್ಡ ಬಂದ.

"ನಿಲ್ರಿ ಮೇಷ್ಟ್ರ! ಪಾಳಿ ನಮ್ಮದೈತಿ."

"ನಿನ್ನೆ ನಮ್ಮ ಪಾಳಿ ನುಂಗಿದವ್ರು ಯಾರಲೇ?" ಎಂದ ಜೋಗಪ್ಪ.

ಇಬ್ಬರೂ ಚಾಟಿಗಳನ್ನು ಕೆಳಗಿಟ್ಟು, ಬಣಗಳ ಸಮೇತ ಗಂಭೀರವಾಗಿ ಪಕ್ಕದ ಸಭೆಯ ಕಟ್ಟೆ ಏರಿದರು.

"ಯಾರಾರ ಒಬ್ರು ಗಾಡಿ ಹೊಡ್ರಪ್ಪಾ! ಬಸ್ಸು ತಪ್ಪತೈತಿ!" ಎಂದು ಮೇಷ್ಟ್ರು ಕೆಳಗಿನಿಂದ ಕೂಗಿದರು.

"ಹಂಗ ಹೆಂಗ ಆಗತೈತ್ರಿ? ಎಲ್ರಿಗೂ ಮಾತಾಡಾಕ ಬಿಡಬೇಕಂತ ನೀವಾ ಬರದೀರಿ," ಎಂದು ಗಾಳೆಪ್ಪ ಗಂಟಲು ಸರಿಮಾಡಿಕೊಂಡ.

ಅವನು ಮಾತಾಡಿದ. ಜೋಗಪ್ಪ ಉತ್ತರಿಸಿದ. ಮತ ಸಮ ಬಂತು. ಮತ್ತೆ ಚರ್ಚೆ, ಮತ್ತೆ ಸಮ. ಯಾರೂ ಯಾರ ಮೈಯನ್ನೂ ಮುಟ್ಟಲಿಲ್ಲ. ಮೇಷ್ಟ್ರು ಮಾತ್ರ ಬಾಣಲೆಯಲ್ಲಿನ ಜೋಳದ ಅರಳಿನಂತೆ ಸಿಡಿಯುತ್ತಿದ್ದರು. ಬಿಸಿಲೇರಿತು. ತಡೆಯಲಾರದೆ ತಾವೂ ಕಟ್ಟೆ ಹತ್ತಿ, ಕೈಬೀಸಿ ಅಬ್ಬರಿಸಿದರು: "ಸಭಿಕರೇ, ನಿಮ್ಮ ಕಾಲಿಗೆ ಬೀಳ್ತೀನಿ, ಕೇಳ್ರಿ!"

ಆಗಲೇ ಬಸ್ ನಿಲ್ದಾಣದ ಕಡೆಯಿಂದ ಜಟಕಾವೊಂದು ಬಂದು ನಿಂತಿತು. ಒಳಗೆ ಕೊಟ್ರಬಸಮ್ಮ! ಗಂಡನ ಮೊಳಕಾಲು ನೆನೆದು ಕನಿಕರಪಟ್ಟು, ತಾನೇ ಮುಂದಿನ ಬಸ್ಸಿಗೆ ಹೊರಟು ಬಂದಿದ್ದಳು. ಕಟ್ಟೆಯ ಮೇಲೆ ಭಾಷಣ ಮಾಡುತ್ತಿದ್ದ ಗಂಡನನ್ನು ನೋಡಿದಳು.

"ಎರಡು ತಿಂಗಳಾತು, ಇನ್ನಾ ಸಭಿ ಮುಗದಿಲ್ಲೇನ್ರಿ ನಿಮ್ದು? ತಿರುಗ್ಸಪ್ಪಾ ಗಾಡಿ, ಬಸ್‌ಸ್ಟ್ಯಾಂಡಿಗೆ!"

"ಏ ಕೊಟ್ರೀ, ನಿಂದ್ರು! ನಾನೂ ಬರ್ತೀನಿ!" ಮೇಷ್ಟ್ರು ಮೊಳಕಾಲು ನೋವನ್ನೂ ಮರೆತು ಧುಮುಕಿ ಓಡಿದರು.

ಜೋಗಪ್ಪನೂ ಗಾಳೆಪ್ಪನೂ ಅಂದೇ ಮೊದಲ ಬಾರಿಗೆ ಒಮ್ಮತಕ್ಕೆ ಬಂದು, ಕೈಮುಗಿದು ದಾರಿಗೆ ಅಡ್ಡ ನಿಂತರು.

"ಆಗಂಗಿಲ್ರಿ ಮೇಷ್ಟ್ರ. ನಿಮ್ಮ ವಿಚಾರ ಸಭಿ ಮುಂದ ಐತಿ. ಇತ್ಯರ್ಥ ಆಗೋತನಕ ನೀವು ಯಾವ ಗಾಡೀನೂ ಹತ್ತಂಗಿಲ್ಲ."