ಬಾಗಿಲು ಹಾಕು, ಮರ್ಟಲ್

ಅತಿಯಾದ ಕರುಣೆ ಹಾಡಿನ ರೆಕಾರ್ಡುಗಳಿಗೂ ಒಳ್ಳೆಯದಲ್ಲ. ಕೆನಡಾದ ಮ್ಯಾನಿಟೋಬಾ ಪ್ರಾಂತದ ಫೆಬ್ರವರಿ ಚಳಿಗೆ ಕಾರಿನ ಟೈರೇ ಚೌಕವಾಗುವಾಗ ಪಾಪ, ರೆಕಾರ್ಡುಗಳ ಗತಿಯೇನು ಎಂದುಕೊಂಡು ಕ್ಲಾರೆನ್ಸ್ ಹೀಬರ್ಟ್ ಶನಿವಾರ ಅವುಗಳ ಪೆಟ್ಟಿಗೆಯನ್ನು ಕಾರಿನೊಳಗಿನ ಪುಟ್ಟ ಹೀಟರಿಗೆ ಒತ್ತಿ ಇಟ್ಟ. ಹೀಟರಿನ ವಯರನ್ನು ಮನೆಯ ಹೊರಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ನೆಮ್ಮದಿಯಾಗಿ ಹೋಗಿ ಮಲಗಿದ. ಭಾನುವಾರ ಪೂರ್ತಿ ಮರೆತ. ಸೋಮವಾರ ಬೆಳಿಗ್ಗೆ ರೇಡಿಯೋ ಸ್ಟೇಷನ್ನಿಗೆ ಬಂದು ಪೆಟ್ಟಿಗೆ ತೆರೆದಾಗ ಒಳಗೆ ರೆಕಾರ್ಡುಗಳಿರಲಿಲ್ಲ, ಎಣ್ಣೆಯಿಂದ ಆಗಷ್ಟೇ ಎತ್ತಿದಂಥ ಹಪ್ಪಳಗಳಿದ್ದವು. ಒಂದನ್ನು ಎತ್ತಿ ನೋಡಿದ. ಅದರಲ್ಲಿ ಹಾಡು ಕೇಳುವುದಕ್ಕಿಂತ ಸೂಪು ಕುಡಿಯುವುದು ಸುಲಭವಿತ್ತು.

ಕ್ರೇನ್‌ಫೀಲ್ಡ್ ಪೇಟೆಯ ರೇಡಿಯೋದಲ್ಲಿ ಹಾಡು ಹಾಕುವವನು, ಹವಾಮಾನ ಹೇಳುವವನು, ಕಳೆದುಹೋದ ನಾಯಿಗಳ ಗುರುತು ಓದುವವನು ಎಲ್ಲ ಕ್ಲಾರೆನ್ಸನೇ. ನಾದಿನಿಯ ಮದುವೆಗೆ ಹಣ ಕೂಡಿಸಲು ಶನಿವಾರ ಊರ ಸಭಾಂಗಣದಲ್ಲಿ ಕುಣಿತವಿತ್ತು. ಅಲ್ಲಿಗೆ ಅವನು ಒಯ್ದದ್ದು ಸ್ಟೇಷನ್ನಿನ ಕೆನಡಾದ ರೆಕಾರ್ಡುಗಳ ಪೆಟ್ಟಿಗೆಯನ್ನು. ಯಜಮಾನ ಗಾರ್ಡನ್ ಟ್ವೀಡಿ ಅಮೆರಿಕದ ರೆಕಾರ್ಡುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದ. ಕೆನಡಾದವನ್ನು ಯಾರು ಕೇಳಿದರೂ ಕೊಡುತ್ತಿದ್ದ, ವಾಪಸು ತರಬೇಕೆಂದು ಒತ್ತಾಯವೂ ಇರಲಿಲ್ಲ.

ಆದರೆ ರೇಡಿಯೋದಲ್ಲಿ ಹಾಕುವ ಹಾಡುಗಳಲ್ಲಿ ನೂರಕ್ಕೆ ಮೂವತ್ತು ಕೆನಡಾದವೇ ಆಗಿರಬೇಕೆಂದು ರಾಜಧಾನಿ ಒಟ್ಟಾವಾದ ಸರ್ಕಾರ ಹೋದ ವರ್ಷವಷ್ಟೇ, ಎಪ್ಪತ್ತೊಂದರಲ್ಲಿ, ಕಾನೂನು ತಂದಿತ್ತು. ಬಹಳ ಸ್ಟೇಷನ್ನುಗಳು ಆ ಮೂವತ್ತನ್ನು ಕಷಾಯದಂತೆ ಮಲಗುವ ಹೊತ್ತಿಗೆ ಕುಡಿಸಿ ಮುಗಿಸುತ್ತಿದ್ದವು. ಈ ತಿಂಗಳು ಯಾವತ್ತಾದರೂ ಒಂದು ದಿನ ಒಬ್ಬ ಅಧಿಕಾರಿ ಬಂದು ರೇಡಿಯೋ ಕೇಳಿಕೊಂಡು ಹೋಗುತ್ತಾರೆ ಎಂದು ಒಟ್ಟಾವಾದಿಂದ ಸುದ್ದಿಯೂ ಬಂದಿತ್ತು.

ಕ್ಲಾರೆನ್ಸ್ ಹಪ್ಪಳವನ್ನು ಹಿಂದೆ ಮುಂದೆ ತಿರುಗಿಸುತ್ತಿರುವಾಗಲೇ ಟ್ವೀಡಿ ನುಗ್ಗಿದ. ಕ್ಲಾರೆನ್ಸ್ ಪೆಟ್ಟಿಗೆಯ ಮೇಲೆ ಕೂತುಬಿಟ್ಟ.

"ಒಟ್ಟಾವಾದವನು ಬಂದಿದಾನೆ!"

"ಯಾರು ಹೇಳಿದ್ದು?"

"ಹೋಟೆಲಿನವನು. ನೆನ್ನೆ ಬಂದು ಇಳಿದಿದಾನಂತೆ. ಕೈಯಲ್ಲೊಂದು ರೇಡಿಯೋ, ಕತ್ತಿಗೆ ಟೈ. 'ಇಲ್ಲಿ ಬೆಳಗಿನ ಹಾಡು ಎಷ್ಟು ಹೊತ್ತಿಗೆ ಶುರು' ಅಂತ ಬೇರೆ ಕೇಳಿದಾನೆ. ಇನ್ಯಾರಿರ್ತಾರೆ ಮಾರಾಯ? ಈ ಚಳೀಲಿ ಟೈ ಕಟ್ಕೊಂಡು ಕ್ರೇನ್‌ಫೀಲ್ಡಿಗೆ ಬರಬೇಕಾದ್ರೆ ಸರ್ಕಾರಿ ಸಂಬಳವೇ ಬೇಕು."

"ಹೌದು ಹೌದು," ಎಂದ ಕ್ಲಾರೆನ್ಸ್. ಅವನ ಕೆಳಗೆ ಏನೋ ಲಟಕ್ಕೆಂದಿತು.

"ಇವತ್ತು ಮೂವತ್ತಲ್ಲ, ನೂರಕ್ಕೆ ಅರವತ್ತು ನಮ್ಮದೇ ಹಾಕು. ಲೈಸೆನ್ಸ್ ಹೋಗೋ ಹಾಗಿದ್ರೆ, ತಿಳ್ಕೋ, ಅದಕ್ಕಿಂತ ಮುಂಚೆ ನೀನು ಹೋಗ್ತೀಯ."

ಕ್ಲಾರೆನ್ಸನಿಗೆ ಹೋಗುವ ಆಸೆಯೇನೋ ಇತ್ತು, ಆದರೆ ಹೀಗಲ್ಲ. ಅವನ ಕಣ್ಣು ವಿನಿಪೆಗ್ ನಗರದ ದೊಡ್ಡ ಸ್ಟೇಷನ್ನಿನ ಮೇಲೆ. ಅಮೆರಿಕದ ಹಾಡುಗಳ ನಡುವೆ ಉಸಿರು ತೆಗೆಯದೆ ಮಾತಾಡಿದ ಟೇಪೊಂದನ್ನು ಎಲೆ ಉದುರುವ ಕಾಲದಲ್ಲೇ ಅಲ್ಲಿಗೆ ಕಳಿಸಿದ್ದ. ಎಲೆಗಳೆಲ್ಲ ಉದುರಿ ಮುಗಿದರೂ ಉತ್ತರವಿರಲಿಲ್ಲ. ವಿನಿಪೆಗ್ ಕರೆಯುವ ತನಕ ಕ್ರೇನ್‌ಫೀಲ್ಡಿನ ಅನ್ನವೇ ಗತಿ.

ಟ್ವೀಡಿ ಅತ್ತ ಹೋದದ್ದೇ ತಡ, ಕ್ಲಾರೆನ್ಸ್ ಸ್ಟುಡಿಯೋ ತುಂಬ ತಡಕಾಡಿದ. ಕೊನೆಗೆ ಕಾಫಿ ಪಾತ್ರೆಯ ಕೆಳಗೆ, ಮೇಜು ಸುಡದಿರಲೆಂದು ಇಟ್ಟಿದ್ದ ಒಂದು ಪುಟ್ಟ ರೆಕಾರ್ಡು ಸಿಕ್ಕಿತು. ಮೇಲಿನ ಮುಖ ಸುಟ್ಟು ಕರಕಲಾಗಿತ್ತು. ಕೆಳಗಿನದು ಸರಿಯಿತ್ತು. ಬ್ರಾಂಡನ್ ಪಟ್ಟಣದ 'ಗ್ರೇನ್ ಬಿನ್ಸ್' ಎಂಬ ತಂಡದ್ದು. ಒಂದೇ ರೆಕಾರ್ಡು ಮಾಡಿ, ಅದನ್ನು ಬಹುಮಟ್ಟಿಗೆ ತಾವೇ ಕೊಂಡುಕೊಂಡು, ಡ್ರಮ್ಮಿನವನ ಹೆಂಡತಿಯ ಸಲಹೆಯಂತೆ ಚದುರಿಹೋದ ನಾಲ್ವರು ಹುಡುಗರು ಅವರು. ಗಿಟಾರುಗಳು ಟ್ರ್ಯಾಕ್ಟರಿನಂತೆ ಗುಡುಗಿ ನಿಂತಮೇಲೆ ಒಬ್ಬ ಹುಡುಗ ಕರುಳು ಕಿತ್ತುಬರುವಂತೆ ಅರಚುತ್ತಿದ್ದ: "ಹೊರಗೆ ಮೈನಸ್ ನಲವತ್ತು, ಬಾಗಿಲು ಹಾಕು, ಮರ್ಟಲ್!"

ಅದನ್ನೇ ಹಾಕಿದ. ಅಮೆರಿಕದವರದೊಂದು ಹಾಕಿ, ಮತ್ತೆ ಅದನ್ನೇ ಹಾಕಿದ. ಮೂರನೆಯ ಸಲ ಹಾಕುವಾಗ ನಾಚಿಕೆಯಾಗಿ ಯಂತ್ರದ ವೇಗ ಇಳಿಸಿದ. ಅದೇ ಹಾಡು ಬಾವಿಯೊಳಗಿಂದ ಎಮ್ಮೆ ಕೂಗಿದಂತೆ ಬಂತು. "ಇದೀಗ ಕೇಳಿದಿರಿ, ಸಸ್ಕಾಚೆವಾನ್ ಗಣಿ ಕೆಲಸಗಾರರ ಗಾಯಕವೃಂದ" ಎಂದು ಗಂಭೀರವಾಗಿ ಹೇಳಿದ. ಆಮೇಲೆ ವೇಗ ಏರಿಸಿದ. ಇಲಿಮರಿಗಳನ್ನು ಡಬ್ಬಕ್ಕೆ ಹಾಕಿ ಕುಲುಕಿದಂತಾಯಿತು. "ನೋವಾ ಸ್ಕೋಶಿಯಾದ ಶಾಲಾ ಮಕ್ಕಳು. ಎಷ್ಟು ಚುರುಕು, ಅಲ್ಲವೇ?"

ಫೋನ್ ಬಡಿದುಕೊಳ್ಳತೊಡಗಿತು. ಬೈಗುಳ ಕಾದಿದ್ದವನಿಗೆ ಕೇಳಿದ್ದು ಒಬ್ಬ ಹೆಂಗಸಿನ ನಗು.

"ಕ್ಲಾರೆನ್ಸ್, ಇದು ನಮ್ಮ ಮರ್ಟಲ್ ಮೇಲೆ ಕಟ್ಟಿದ ಹಾಡು ತಾನೆ? ಇನ್ನೊಂದ್ಸಲ ಹಾಕಯ್ಯ, ನಮ್ಮನೆಯವರು ಕೊಟ್ಟಿಗೇಲಿದ್ರು, ಕೇಳ್ಲಿಲ್ಲ."

ಕ್ಲಾರೆನ್ಸ್ ಹಣೆ ಹಣೆ ಚಚ್ಚಿಕೊಂಡ. ಮರ್ಟಲ್ ಸಿಗುರ್ಡ್‌ಸನ್ ಊರಿನಲ್ಲಿ ಐಸಿನ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದ ಮನೆಯ ಅಡುಗೆಕೋಣೆಯ ಒಡತಿ. ಆ ಸೀಮೆಯಲ್ಲಿ ನೆಂಟರು "ಹೊರಟೆ" ಅನ್ನುವುದು ಹೊರಡುವುದಕ್ಕಲ್ಲ. ಅದುವರೆಗೆ ಆಡಿದ್ದು ಪೀಠಿಕೆ, ನಿಜವಾದ ಮಾತು ಶುರುವಾಗುವುದು ಬಾಗಿಲಲ್ಲೇ. ಮಿಕ್ಕವರು ಬಾಗಿಲು ಮುಚ್ಚಿಕೊಂಡು ಆಡುತ್ತಾರೆ, ಮರ್ಟಲ್ ತೆರೆದುಕೊಂಡು. ಒಂದು ಕೈ ಹಿಡಿಕೆಯ ಮೇಲೆ, ಒಂದು ಕಾಲು ಹಿಮದಲ್ಲಿ, ಬಾಯಲ್ಲಿ ಇಡೀ ಊರು. ಒಳಗಿನ ಬಿಸಿಯೆಲ್ಲ ಬೀದಿ ಪಾಲಾದರೂ "ಬಾಗಿಲು ಹಾಕಿ" ಎನ್ನುವ ಎದೆ ಊರಲ್ಲಿ ಯಾರಿಗೂ ಇರಲಿಲ್ಲ. ಈಗ ಆ ಮಾತನ್ನು ರೇಡಿಯೋ ಹೇಳುತ್ತಿತ್ತು, ಅದೂ ಗಿಟಾರು ಬಾರಿಸಿಕೊಂಡು.

ಮಧ್ಯಾಹ್ನದ ಹೊತ್ತಿಗೆ ಊರಿಗೆ ಹಬ್ಬ. ಸ್ಟುಡಿಯೋದ ಗಾಜಿನ ಕಿಟಕಿಯಾಚೆಯಿಂದ ಹೆಬ್ಬೆರಳೆತ್ತಿ ತೋರಿಸುತ್ತಿದ್ದ ಟ್ವೀಡಿ ಬಾಗಿಲಲ್ಲಿ ತಲೆ ತೂರಿಸಿದ. "ಹೋಟೆಲಿನವನು ಫೋನ್ ಮಾಡಿದ್ದ. ಆ ಮನುಷ್ಯ ರೇಡಿಯೋ ಬಿಟ್ಟು ಅಲುಗಾಡಿಲ್ವಂತೆ. ಒಂದೊಂದ್ಸಲ ತಲೆ ಮೇಲೆ ಕೈ ಇಟ್ಕೋತಾನಂತೆ."

"ಯಾಕಂತೆ?"

"ಲೆಕ್ಕ ತಪ್ಪಿರಬೇಕು. ಇಷ್ಟು ಕೆನಡಾ ಅವನು ಒಟ್ಟಾವಾದಲ್ಲೂ ಕೇಳಿರಲ್ಲ."

ಅಷ್ಟರಲ್ಲಿ ಪಕ್ಕದಂಗಡಿಯ ಕ್ಷೌರಿಕ ಬೋಹ್ದಾನ್ ಕೋಸ್ಟಿಯುಕ್ ಅಕಾರ್ಡಿಯನ್ ವಾದ್ಯ ಹೊತ್ತು ಒಳಗೆ ಬಂದ.

"ಹಾಡಿನ ಬರ ಬಂದಿದೆಯಂತಲ್ಲ? ನಾನು ಕೆನಡಾದವನೇ ತಾನೆ? ಸರಿ, ಆ ಮೈಕು ಇತ್ತ ಕೊಡು. ಗಿರಾಕಿ ಮುಖಕ್ಕೆ ಸೋಪು ಹಚ್ಚಿ ಬಂದಿದೀನಿ, ಬೇಗ ಆಗ್ಲಿ."

ಬೋಹ್ದಾನನಿಗೆ ಬರುತ್ತಿದ್ದದ್ದು ಮದುವೆ ಕುಣಿತದ ಧಾಟಿ, ಒಂದೇ ಪೋಲ್ಕಾ. ಅದಕ್ಕೆ ಆದಿಯಿತ್ತು, ಅಂತ್ಯವಿರಲಿಲ್ಲ. ಕ್ಲಾರೆನ್ಸ್ ಕೈಸನ್ನೆ ಮಾಡಿದ, ಕಾಲು ತುಳಿದ, ಕೊನೆಗೆ ಅಕಾರ್ಡಿಯನ್ನಿನ ತಿದಿಯನ್ನೇ ಹಿಡಿದುಕೊಂಡ.

"ನಿಲ್ಸೋದು ಹೇಗೆ ಇದನ್ನ?"

"ಮದುವೇಲಿ ಕುಣಿಯೋರು ಬಿದ್ದಮೇಲೆ ನಿಲ್ಸೋದು ಪದ್ಧತಿ," ಎಂದ ಬೋಹ್ದಾನ್. "ಇಲ್ಲಿ ಯಾರೂ ಬೀಳ್ತಾ ಇಲ್ವಲ್ಲ."

ಬೀಳುವ ಸರದಿ ಕ್ಲಾರೆನ್ಸನದೇ ಇತ್ತು. ಸಂಜೆಯ ಹೊತ್ತಿಗೆ ಗಣಿ ಕೆಲಸಗಾರರು ಮತ್ತೊಮ್ಮೆ ಎಮ್ಮೆಯ ದನಿಯಲ್ಲಿ "ಮ... ರ್ಟ... ಲ್" ಎನ್ನುತ್ತಿರುವಾಗ ಸ್ಟುಡಿಯೋದ ಬಾಗಿಲು ಗೋಡೆಗೆ ಬಡಿಯಿತು. ಬಾಗಿಲಲ್ಲಿ ಮರ್ಟಲ್. ಅವಳ ಬೆನ್ನ ಹಿಂದೆ ಬೀದಿ ಬಾಗಿಲೂ ತೆರೆದಿತ್ತು. ಉತ್ತರ ಧ್ರುವವೇ ಅವಳ ಜೊತೆ ಒಳಗೆ ಬಂದಂತಾಯಿತು.

"ಏನಯ್ಯಾ ಕ್ಲಾರೆನ್ಸ್! ನಿನ್ನ ನಾದಿನಿ ಕುಣಿತಕ್ಕೆ ರಾತ್ರಿಯೆಲ್ಲ ನಿಂತು ಸ್ಯಾಂಡ್‌ವಿಚ್ ಮಾಡಿದ್ದು ಯಾರು? ಈ ಮರ್ಟಲ್! ಅದಕ್ಕೆ ಇದಾ ಉಡುಗೊರೆ?"

"ಸಾರಿ ಮರ್ಟಲ್, ಅದು ನೀವಲ್ಲ, ಬೇರೆ ಯಾರೋ..."

"ಬೇರೆ ಮರ್ಟಲ್ ಇದಾಳಾ ಈ ಊರಲ್ಲಿ? ಕರೆಸು ನೋಡೋಣ!"

ಕ್ಲಾರೆನ್ಸ್ ಗಾಬರಿಯಲ್ಲಿ ಹಾಡು ನಿಲ್ಲಿಸಲು ಹೋಗಿ ಮೈಕಿನ ಗುಂಡಿ ಒತ್ತಿದ. ಕೆಂಪು ದೀಪ ಹೊತ್ತಿತು. ಅದನ್ನು ಇಬ್ಬರೂ ನೋಡಲಿಲ್ಲ. ಊರು ಕೇಳಿತು.

"ನಾನು ಬಾಗಿಲು ತೆಗೆದಿಡ್ತೀನಂತೆ! ತೆಗೆದಿಟ್ಟಿದ್ದಕ್ಕೇ ಈ ಊರಲ್ಲಿ ಏನು ನಡೀತಿದೆ ಅಂತ ನಂಗೆ ಗೊತ್ತು. ಆ ಹೋಟೆಲಿನವನ 'ಅಜ್ಜಿ ಕೈರುಚಿ' ಸೂಪು ಯಾವ ಡಬ್ಬದಿಂದ ಬರತ್ತೆ ಅಂತ ಹೇಳ್ಲಾ? ಪಾದ್ರಿಗಳು ಕರ್ಲಿಂಗ್ ಆಟದಲ್ಲಿ ಕಾಲಿಂದ ಕಲ್ಲು ಸರಿಸಿ ದೇವರನ್ನ ಮೇಲೆ ನೋಡಿದ್ದು ನಾನು ಕಂಡಿಲ್ವಾ? ಇನ್ನು ನಿಮ್ಮ ಟ್ವೀಡಿ! ಆ ತಲೆ ಮೇಲಿರೋ ಕೂದಲಿಗೂ ಆ ತಲೆಗೂ ಏನು ಸಂಬಂಧ? ಹೋದ ವಾರ ಟೋಪಿ ತೆಗೆದಾಗ ಅದೂ ಜೊತೇಲಿ ಎದ್ದು ನಮಸ್ಕಾರ ಮಾಡ್ತು!"

ಕಿಟಕಿಯಾಚೆ ಟ್ವೀಡಿ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಊರಿನ ಮನೆಮನೆಗಳಲ್ಲಿ ಜನ ಊಟದ ಚಮಚ ಕೆಳಗಿಟ್ಟು ರೇಡಿಯೋದ ದನಿ ಏರಿಸಿದರು. ಮರ್ಟಲ್ ನಿಲ್ಲಲಿಲ್ಲ. ಅವಳು ಬೈಯುತ್ತಿರಲಿಲ್ಲ, ಒಂದು ಲಯದಲ್ಲಿ ಊರನ್ನೇ ಬಿಡಿಸಿಡುತ್ತಿದ್ದಳು. ಕೊನೆಗೆ ತಿರುಗುತ್ತಿದ್ದ ರೆಕಾರ್ಡನ್ನು ಕೈಗೆತ್ತಿಕೊಂಡು ಮೊಣಕಾಲಿಗೆ ಬಡಿದು ಎರಡು ಹೋಳು ಮಾಡಿ, "ಹೊರಟೆ" ಎಂದಳು. ಬಾಗಿಲ ತನಕ ಹೋಗಿ ನಿಂತಳು. "ಅಂದಹಾಗೆ..."

ಕ್ಲಾರೆನ್ಸನ ಹಲ್ಲು ಕಟಕಟ ಅನ್ನುತ್ತಿತ್ತು. ಹುಟ್ಟಿದಾರಭ್ಯ ಯಾರಿಗೂ ಗದರದವನು ಅಂದು ಗದರಿದ.

"ಬಾಗಿಲು ಹಾಕಿ, ಮರ್ಟಲ್!"

ಪೇಟೆಯ ಅಷ್ಟೂ ಮನೆಗಳಲ್ಲಿ ಚಪ್ಪಾಳೆ ಬಿತ್ತು. ಅದು ಅವನಿಗೆ ಕೇಳಿಸಲಿಲ್ಲ. ಕೇಳಿಸಿದ್ದು ಹೊರಕೋಣೆಯಲ್ಲಿ ಯಾರೋ ಬೂಟು ಕಳಚುತ್ತಿರುವ ಸದ್ದು.

ಟೈ ಕಟ್ಟಿದ ಮನುಷ್ಯ ಕಾಲುಚೀಲದಲ್ಲೇ, ಆದರೆ ಗಾಂಭೀರ್ಯ ಬಿಡದೆ, ಒಳಗೆ ಬಂದ. ಹೆಬ್ಬೆರಳ ಬಳಿ ಒಂದು ತೂತಿತ್ತು. ಟ್ವೀಡಿ ಕೂದಲು ಸರಿಪಡಿಸಿಕೊಳ್ಳುತ್ತ ಓಡಿಬಂದು ಬೆಣ್ಣೆ ಟಾರ್ಟ್ ಎಂಬ ಸಿಹಿತಿಂಡಿಯ ತಟ್ಟೆ ಮುಂದೆ ಹಿಡಿದ.

"ಬನ್ನಿ ಸಾರ್. ಕೇಳಿದ್ರಲ್ಲ, ಬೆಳಗಿಂದ ಬರೀ ಕೆನಡಾ. ಒಟ್ಟಾವಾಗೆ ದಯವಿಟ್ಟು ಹೇಳ್ಬೇಕು..."

"ಒಟ್ಟಾವಾಗೆ ನಾನ್ಯಾಕೆ ಹೇಳ್ಲಿ? ನನ್ನ ಹೆಸರು ಡೆಲೋರ್ಮ್. ವಿನಿಪೆಗ್ ಸ್ಟೇಷನ್ನಿನವನು." ಅವನು ಕ್ಲಾರೆನ್ಸನತ್ತ ತಿರುಗಿದ. "ನೀವೇನಾ ಹೀಬರ್ಟ್? ನಿಮ್ಮ ಟೇಪು ಕೇಳಿದ್ದೆ. ಎಂಥಾ ಓಟ ರೀ ಅದು! ಅಮೆರಿಕದ ಹಾಡಿಗೆ ಅಂಥಾ ಮಾತು ಈ ಬಯಲು ಸೀಮೆಯಲ್ಲೇ ಇಲ್ಲ. ಬೆಳಗಿನ ಕೆಲಸ ನಿಮಗೇ ಕೊಡೋಣ, ಒಂದು ದಿನ ಗುಟ್ಟಾಗಿ ಕೇಳಿ ಕರ್ಕೊಂಡೇ ಹೋಗೋಣ ಅಂತ ಬಂದೆ."

ಕ್ಲಾರೆನ್ಸ್ ಗೂಟದ ಮೇಲಿದ್ದ ಕೋಟು ತೆಗೆದುಕೊಂಡ. 

"ಆದ್ರೆ ಬೆಳಗಿಂದ ಕೇಳ್ದೆ. ನಿಧಾನಕ್ಕೊಂದು ಮರ್ಟಲ್, ಜೋರಾಗೊಂದು ಮರ್ಟಲ್, ನಡುವೆ ಪೋಲ್ಕಾ. ನೀವು ಇಂಥಾ ದೇಶಭಕ್ತರು ಅಂತ ಟೇಪಲ್ಲಿ ಗೊತ್ತಾಗ್ಲಿಲ್ಲ. ನಿಮ್ಮ ಬಗ್ಗೆ ಗೌರವ ಇದೆ. ಆದ್ರೆ ನಮ್ಮಲ್ಲಿ ದೇಶಭಕ್ತಿಗೆ ಜನ ಮಲಗಿದಮೇಲಷ್ಟೇ ಜಾಗ. ಸಾರಿ."

"ನಾನು ಭಕ್ತ ಅಲ್ಲ ಸಾರ್! ಹೀಟರು... ಹಪ್ಪಳ... ಬರೀ ಒಂದೇ ರೆಕಾರ್ಡು..."

ಡೆಲೋರ್ಮ್ ಕೇಳಿಸಿಕೊಳ್ಳುತ್ತಿರಲಿಲ್ಲ. "ಅದಿರಲಿ. ಈಗ ಮಾತಾಡಿದ್ರಲ್ಲ, ಆ ಹೆಂಗಸು ಯಾರು? ಹೋಟೆಲಲ್ಲಿ ಇಡೀ ಊಟದ ಮನೆ ಉಸಿರು ಹಿಡಿದು ಕೂತಿತ್ತು. ನಾನು ಅರ್ಧ ಸೂಪು ಬಿಟ್ಟು ಓಡಿಬಂದೆ. ಎಲ್ಲಿ ಸಿಗ್ತಾರೆ?"

"ಅವಳು ಆಗಲೇ ಹೊರಟಳು," ಎಂದ ಮಧ್ಯಾಹ್ನದಿಂದ ಮೂಲೆಯಲ್ಲೇ ಕೂತಿದ್ದ ಬೋಹ್ದಾನ್. "ಅಂದ್ರೆ ಇನ್ನೂ ಇಲ್ಲೇ ಇದಾಳೆ."

ನಿಜ. ಮರ್ಟಲ್ ಬೀದಿ ಬಾಗಿಲಲ್ಲಿ, ಒಂದು ಕಾಲು ಹಿಮದಲ್ಲಿ ಇಟ್ಟುಕೊಂಡು, ಅರ್ಧ ಮುಖಕ್ಕೆ ಸೋಪು ಮೆತ್ತಿಕೊಂಡು ಕ್ಷೌರಿಕನನ್ನು ಹುಡುಕಿ ಬಂದಿದ್ದ ಗಿರಾಕಿಯ ಜೊತೆ ಮಾತಾಡುತ್ತಿದ್ದಳು. ಡೆಲೋರ್ಮ್ ತೂತಿನ ಕಾಲುಚೀಲದಲ್ಲೇ ಅವಳ ಬಳಿ ಧಾವಿಸಿದ. ಬೆಳಗಿನ ಕೆಲಸ, ವಿನಿಪೆಗ್, ಮಾತು ಏನು ಬೇಕಾದರೂ ಆಡಬಹುದು ಎಂದ. ಮರ್ಟಲ್ ಅವನನ್ನು ಕಾಲಿಂದ ತಲೆಯವರೆಗೆ ನೋಡಿದಳು.

"ಸ್ಟುಡಿಯೋಗೆ ಬಾಗಿಲಿದೆ ತಾನೆ?"

"ಎರಡಿವೆ ಮೇಡಂ."

"ಹಾಗಿದ್ರೆ ಆಗಬಹುದು. ಮೊದಲು ಆ ಕಾಲುಚೀಲ ಕೊಡಿ, ಹೊಲಿದು ಕೊಡ್ತೀನಿ."

ಅವರು ಹೊರಟರು, ಈ ಸಲ ನಿಜವಾಗಿಯೇ. ಸೋಪಿನ ಗಿರಾಕಿಯೂ ಬೇಸತ್ತು ಹೋದ. ಸ್ಟುಡಿಯೋದಲ್ಲಿ ಫೋನ್ ಹೊಡೆದುಕೊಂಡಿತು. ಟ್ವೀಡಿ ಎತ್ತಿದ. "ಹೌದು ಸಾರ್... ಬ್ರಾಂಡನ್ನಿನಿಂದಲಾ? ರಸ್ತೆಗೆ ಹಿಮ ಬಿದ್ದು ನಿಂತುಬಿಟ್ರಾ? ಬನ್ನಿ ಬನ್ನಿ, ನಾಳೆ ಬೆಳಗಿಂದಲೇ ಕೇಳಿ. ಕೆನಡಾದ್ದಾ? ನೂರಕ್ಕೆ ನೂರು ಸಾರ್!" ಫೋನ್ ಇಟ್ಟು ಬೆವರು ಒರೆಸಿಕೊಂಡ. "ಇವನು ಒಟ್ಟಾವಾದವನು. ಅಸಲಿ. ಕ್ಲಾರೆನ್ಸ್, ಆ ಪೆಟ್ಟಿಗೆ ತೆಗಿ."

ಕ್ಲಾರೆನ್ಸ್ ಪೆಟ್ಟಿಗೆ ತೆಗೆದ. ಟ್ವೀಡಿ ಒಂದು ಹಪ್ಪಳ ಎತ್ತಿ ದೀಪಕ್ಕೆ ಹಿಡಿದು ನೋಡಿದ. ಆಮೇಲೆ ನೆಲದ ಮೇಲಿದ್ದ ಎರಡು ಹೋಳುಗಳನ್ನು ನೋಡಿದ. 

"ಆ ಹಾಡಿನ ಮಾತುಗಳು ನಿಂಗೆ ಬಾಯಿಪಾಠ ಬರತ್ತೆ ತಾನೆ?" ಎಂದ ಕೊನೆಗೆ.

"ಮೂರೂ ವೇಗದಲ್ಲಿ ಬರತ್ತೆ. ಯಾಕೆ?"

"ನಾಳೆ ಬೆಳಗಿಂದ ಸಂಜೆವರೆಗೆ ನೀನು ಹಾಡ್ತೀಯ. ಬೋಹ್ದಾನ್ ಬಾರಿಸ್ತಾನೆ."

ಬೋಹ್ದಾನ್ ಆಗಲೇ ಪಟ್ಟಿ ಹೆಗಲಿಗೇರಿಸಿಕೊಳ್ಳುತ್ತಿದ್ದ. ಕ್ಲಾರೆನ್ಸ್ ಬೀದಿ ಬಾಗಿಲಿಗೆ ಹೋಗಿ ಹಿಡಿಕೆ ಹಿಡಿದು ನಿಂತ. ದೂರದಲ್ಲಿ ವಿನಿಪೆಗ್ ದಿಕ್ಕಿಗೆ ಹೋಗುತ್ತಿದ್ದ ಕಾರಿನ ಕೆಂಪು ದೀಪಗಳು ಸಣ್ಣಗಾಗುತ್ತಿದ್ದವು. ಅದರ ಒಂದು ಕಿಟಕಿ ಆ ಚಳಿಯಲ್ಲೂ ತೆರೆದಿತ್ತು. ಅದು ಕಣ್ಮರೆಯಾದರೂ ಅವನು ಕದಲಲಿಲ್ಲ. ಅವನ ಒಂದು ಕಾಲು ಯಾವಾಗಲೋ ಹಿಮದಲ್ಲಿ ಇಳಿದಿತ್ತು.

ಒಳಗಿನಿಂದ ಪೋಲ್ಕಾದ ಲಯದಲ್ಲಿ ಬೋಹ್ದಾನನ ದನಿ ಬಂತು.

"ಬಾಗಿಲು ಹಾಕು, ಕ್ಲಾರೆನ್ಸ್!"