ಸರಳಾಳ ಕಣ್ಣೀರು, ಕಣದ ಕಾಫಿ

ಬರೆಯುವ ಚಟ ಇರುವವನು ಎಲ್ಲಿ ಬೇಕಾದರೂ ಹುಟ್ಟಲಿ, ಕಾಫಿ ಬೆಳೆಯುವವರ ನಡುವೆ ಮಾತ್ರ ಹುಟ್ಟಬಾರದು. ಹೊಟ್ಟೆ ಉರಿದೇ ಹೇಳುತ್ತಿದ್ದೇನೆ. ಮೂಡಿಗೆರೆ ಹತ್ತಿರ ನನಗೂ ಒಂದು ಚಿಕ್ಕ ತೋಟವಿದೆ. ಆದರೆ ನಾನು ಕಥೆಗಾರ ಎಂದುಕೊಂಡಿದ್ದೇನೆ. ಹಾಗೆ ಅಂದುಕೊಂಡಿರುವವನು ಸದ್ಯಕ್ಕೆ ನಾನೊಬ್ಬನೇ.

ಹೋದ ತಿಂಗಳು ಪತ್ರಿಕೆಯೊಂದರಲ್ಲಿ ನನ್ನ ಕಥೆ ಬಂತು. ಗಂಡನ ಮಾತಿಗೆ ನೊಂದ ಸರಳಾ ಉಟ್ಟ ಸೀರೆಯಲ್ಲೇ ಮನೆ ಬಿಟ್ಟು ಹೊರಡುತ್ತಾಳೆ. ಕಾಫಿ ಒಣಹಾಕಿದ ಕಣ ದಾಟುವಾಗ ಮಳೆ ಶುರುವಾಗುತ್ತದೆ. ಗಂಡ ಜಗಲಿಯಲ್ಲಿ ಸುಮ್ಮನೆ ನಿಂತು ನೋಡುತ್ತಾನೆ, ಕರೆಯುವುದಿಲ್ಲ. ಓದಿದವರಲ್ಲಿ ಒಬ್ಬರಾದರೂ ಸರಳಾಳಿಗಾಗಿ ಕಣ್ಣೊರೆಸಿಕೊಂಡರೆ ಸಾಕು, ಬರೆದದ್ದು ಸಾರ್ಥಕ ಎಂದು ಕಾದೆ.

ಮೊದಲು ಬಂದವರು ಪಕ್ಕದ ತೋಟದ ಈರೇಗೌಡರು. ಮುಖ ಬಾಡಿತ್ತು. ನನಗೆ ಒಳಗೊಳಗೇ ಖುಷಿ.

"ಓದಿದೆ ಮಾರಾಯ, ನಿದ್ದೆನೇ ಬರ್ಲಿಲ್ಲ. ಅಷ್ಟೂ ಕಾಫಿ ನೆನೀತಲ್ಲೋ! ಟಾರ್ಪಾಲು ಹಾಕಕ್ಕೆ ಏನು ದಾಡಿ ಆ ಗಂಡಂಗೆ?"

"ಗೌಡ್ರೇ, ಹೆಂಡ್ತಿ ಮನೆ ಬಿಟ್ಟು ಹೋಗ್ತಿದ್ದಾಳೆ..."

"ಅವಳು ಸಂಜೆಗೆ ವಾಪಸ್ ಬರ್ತಾಳೆ. ಬೂಷ್ಟು ಹಿಡಿದ ಕಾಫಿ ಸರಿ ಹೋಗ್ತದಾ?"

ಕಳಸದಿಂದ ಫೋನ್ ಮಾಡಿದ ಓದುಗರೊಬ್ಬರು ಕಣದಲ್ಲಿದ್ದದ್ದು ಅರೇಬಿಕಾವೋ ರೋಬಸ್ಟಾವೋ ಎಂದು ಕೇಳಿ, ಅರೇಬಿಕಾ ಎಂದ ಮೇಲೆ, ಅಷ್ಟು ಬೆಲೆಯದ್ದು ಹಾಳಾಯಿತಲ್ಲ ಎಂದು ನಿಟ್ಟುಸಿರುಬಿಟ್ಟರು. ಹೊರನಾಡಿನ ಬಸ್ಸಿನಲ್ಲಿ ಸಿಕ್ಕ ಹಿರಿಯರಂತೂ, ಸರಳಾ ಹೊರಡುವ ಮುಂಚೆ ಕಾಫಿ ರಾಶಿ ಮಾಡಿ ಮುಚ್ಚಬಹುದಿತ್ತು, ಸಿಟ್ಟಿದ್ದರೂ ಜವಾಬ್ದಾರಿ ಬೇಡವೇ ಎಂದು ನನಗೆ ಬುದ್ಧಿ ಹೇಳಿದರು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಇಂಥವರಿಗೆ ಕಥೆ ಯಾಕೆ ಬೇಕು, ಹವಾಮಾನ ವರದಿ ಸಾಲದೇ?

ಉಳಿದವಳು ನನ್ನ ಹೆಂಡತಿ ಸುಮಿತ್ರಾ. "ಕೊಯ್ಲು ಮುಗೀಲಿ, ಓದ್ತೀನಿ" ಎಂದು ಮುಂದೂಡುತ್ತಲೇ ಇದ್ದಳು. ಮೊನ್ನೆ ಮಧ್ಯಾಹ್ನ ಅದೇನು ಮನಸ್ಸು ಬಂತೋ, ಪತ್ರಿಕೆ ಹಿಡಿದು ಜಗಲಿಯ ತುದಿಯಲ್ಲಿ ಕೂತಳು. ನಾನು ಬಾಗಿಲ ಸಂದಿಯಿಂದ ಕದ್ದು ನೋಡುತ್ತಿದ್ದೆ. ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಸೆರಗು ಕಣ್ಣಿಗೆ ಹೋಯಿತು.

"ಪಾಪ ರೀ, ಒಂದು ಸಲ ಕರೀಬಾರ್ದಿತ್ತಾ ಅವನು?" ಎಂದಳು.

ಇದೊಂದು ಮಾತಿಗಾಗಿ ನಾನು ಕಾದದ್ದು. ಹತ್ತಿರ ಹೋಗಿ ಕೂರಬೇಕು ಎನ್ನುವಷ್ಟರಲ್ಲಿ ತಗಡಿನ ಮೇಲೆ ಟಪ್ ಎಂದು ಒಂದು ಹನಿ ಬಿತ್ತು.

"ಅಳೋದು ಆಮೇಲೆ, ಆ ಕಡೆ ಟಾರ್ಪಾಲು ಹಿಡಿಯೇ ಮಾರಾಯ್ತಿ!" ಎಂದು ಕಿರುಚುತ್ತಾ ನಾನಾಗಲೇ ಕಣಕ್ಕೆ ಹಾರಿದ್ದೆ.

ನಮ್ಮ ಕಾಫಿ ಒಂದು ಕಾಳೂ ನೆನೆಯಲಿಲ್ಲ. ಜಗಲಿಯ ತುದಿಯಲ್ಲಿ ಬಿಟ್ಟಿದ್ದ ಪತ್ರಿಕೆ ಮಾತ್ರ ತೊಯ್ದು ಮುದ್ದೆಯಾಗಿತ್ತು. ಸುಮಿತ್ರಾ ಅದನ್ನು ಒಲೆಯ ಪಕ್ಕ ಒಣಹಾಕುತ್ತಾ ನನ್ನ ಮುಖ ನೋಡದೆಯೇ ಹೇಳಿದಳು: "ಆ ಗಂಡನೇ ವಾಸಿ. ಸುಮ್ನಾದ್ರೂ ನಿಂತಿದ್ದ."